ವರುಷಕ್ಕೊಮ್ಮೆ ದೇಹದ ಲೆಕ್ಕ

ರಕ್ತದೊತ್ತಡ ಮತ್ತು ಮಧುಮೇಹಗಳು ನೋವಿನ ಮೂಲಕ ತಮ್ಮ ಆಗಮನವನ್ನು ಸಾರುವುದಿಲ್ಲ. ನಿತ್ಯದ ಕಾಯಕ ಎಂದಿನಂತೆ ಸಾಗುತ್ತಿರುವಾಗಲೇ ಅವು ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಸವೆಸತೊಡಗಿರುತ್ತವೆ. ಆದುದರಿಂದ ನೋವಿಲ್ಲದವರೂ ವರುಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಲೇಸು. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿಯೂ ಇವೆರಡರ ಪರೀಕ್ಷೆಯುಂಟು.

ಆದರೆ ನಮ್ಮಲ್ಲಿ ಕೆಲವರದು ವಿಚಿತ್ರ ರೂಢಿ. ತಪಾಸಣೆಗೆ ಎಂಟು ದಿನ ಮುಂಚೆ ಹೋಳಿಗೆ, ಸಕ್ಕರೆ ಚಹಾ ಬಿಡುತ್ತಾರೆ. ರಕ್ತ ಕೊಟ್ಟು ಬಂದ ದಿನವೇ ಪುನಃ ಹಿಡಿಯುತ್ತಾರೆ. ಶಾಲೆಯ ಪರೀಕ್ಷೆಯೆಂದೇ ಇವರ ಭಾವನೆಯಿರಬೇಕು! ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯು ಹಿಂದಿನ ಸುಮಾರು 3 ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ. ಎಂಟು ದಿನದ ಸಂಯಮಕ್ಕೆ ಅದು ಮರುಳಾಗದು. ಶೇಕಡಾ 6.5 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹವನ್ನು ಶಂಕಿಸಿ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ.

ರಕ್ತದೊತ್ತಡ ಅಳೆಯುವ ಮುನ್ನ 5 ನಿಮಿಷ ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ತಂಬಾಕು ಕೂಡದು.

ಹಿಂದಿನ ವರುಷಗಳ ವರದಿಗಳನ್ನೂ, ನುಂಗುವ ಎಲ್ಲ ಗುಳಿಗೆ, ಚೂರ್ಣಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಯನ್ನು ಅನೇಕ ಹಿರಿಯರು ವೈದ್ಯರಿಗೆ ಹೇಳುವುದೇ ಇಲ್ಲ. ಅಂಥ ಕೆಲವು ಗುಳಿಗೆಗಳು ಬಹುಕಾಲ ಸೇವಿಸಿದರೆ ಮೂತ್ರಪಿಂಡಕ್ಕೆ ಹಾನಿಕರ, ರಕ್ತದೊತ್ತಡವನ್ನೂ ಏರಿಸಬಲ್ಲವು.

ಇನ್ನು ಮನೆಯ ತಾಯಂದಿರು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ತಪಾಸಣೆಯಲ್ಲಿಯೂ ಕೊನೆಗೇ ಉಳಿಯುತ್ತಾರೆ. ಗರ್ಭಿಣಿಯಲ್ಲದ ಸ್ತ್ರೀಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅದರ ಆಯಾಸವನ್ನು ವಯಸ್ಸಿನ ಆಯಾಸವೆಂದು ಸಹಿಸುತ್ತಿರುತ್ತಾರೆ. ಯಜಮಾನರ ಹೆಸರು ಬರೆಸುವ ದಿನವೇ ಅವರ ಹೆಸರನ್ನೂ ಬರೆಸಿರಿ.