ಸಫಕ್ ಪಂಚ್: ಒಂದು ಉಳುವ ಕುದುರೆಯ ತಳಿ

ಕನ್ನಡ ನಾಡಿನ ಬೇಸಾಯದಲ್ಲಿ ನೇಗಿಲಿಗೆ ಹೂಡುವುದು ಎತ್ತನ್ನೇ ಹೊರತು ಕುದುರೆಯನ್ನಲ್ಲ. ಕುದುರೆಯೆಂದೊಡನೆ ಕನ್ನಡಿಗನ ಕಣ್ಣಿಗೆ ಕಟ್ಟುವುದು ದಂಡು, ಸವಾರಿ, ಹೆಚ್ಚೆಂದರೆ ಜಟಕಾಬಂಡಿ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫಕ್ ಪ್ರಾಂತದವರಾದರೋ ಉಳುಮೆಗೆಂದೇ ಒಂದು ಅಶ್ವತಳಿಯನ್ನು ಬೆಳೆಸಿದರು. ಅದೇ ಸಫಕ್ ಪಂಚ್. ‘ಪಂಚ್’ ಎಂಬುದಕ್ಕೆ ಅಲ್ಲಿಯ ಹಳೆಯ ಮಾತಿನಲ್ಲಿ ಗಿಡ್ಡನೆಯ ದಪ್ಪ ಮೈಯುಳ್ಳದ್ದು ಎಂದರ್ಥ. ಈಗಿನ ಕುದುರೆಗೆ ‘ಗಿಡ್ಡ’ ಎಂಬ ಮಾತು ಒಪ್ಪದು. ಭುಜದ ಬಳಿ ಅದರ ಎತ್ತರ ಸುಮಾರು 64ರಿಂದ 68 ಅಂಗುಲ, ತೂಕ ಹೆಚ್ಚುಕಡಿಮೆ ಒಂದು ಟನ್ನು.

ಆ ಪ್ರಾಂತದ ಬಹುಭಾಗ ಅಂಟು ಜೇಡಿಮಣ್ಣಿನ ನೆಲ. ಕುದುರೆಯ ಮೈಕಟ್ಟನ್ನು ಆ ಮಣ್ಣೇ ತಿದ್ದಿತೆನ್ನಬಹುದು. ಶೈರ್, ಕ್ಲೈಡ್ಸ್‌ಡೇಲ್ ಮೊದಲಾದ ಭಾರಿ ಕುದುರೆಗಳ ಕಾಲಿನ ಕೆಳಭಾಗದಲ್ಲಿ ಉದ್ದ ಕೂದಲು ಜೋಲುತ್ತದೆ. ಸಫಕ್ ಕುದುರೆಯ ಕಾಲಿಗೆ ಅದಿಲ್ಲವಾದ್ದರಿಂದ ಕೆಸರು ಮೆತ್ತಿಕೊಳ್ಳದು. ಕಾಲು ಗಿಡ್ಡ, ಎದೆ ಅಗಲ, ಹೊಟ್ಟೆ ಆಳ. ನಡುವೆ ಮೇವಿಗೆ ಬಿಡದೆ ಬಹುಹೊತ್ತು ದುಡಿಸಬಹುದಾದದ್ದು ಈ ಹೊಟ್ಟೆಯ ಗುಣದಿಂದಲೇ. ಗೊರಸು ಮಾತ್ರ ಒಂದು ಕಾಲಕ್ಕೆ ನಿಂದೆಗೆ ಗುರಿಯಾಗಿತ್ತು. ಪ್ರದರ್ಶನಗಳಲ್ಲಿ ಗೊರಸನ್ನೇ ಪ್ರತ್ಯೇಕವಾಗಿ ಪರೀಕ್ಷಿಸುವ ಏರ್ಪಾಡು ಮಾಡಿ ಆ ದೋಷವನ್ನು ತಿದ್ದಿಕೊಂಡರು. ಬಣ್ಣ ಎಂದೆಂದಿಗೂ ಕೆಂಗಂದು. ಅದರಲ್ಲಿಯೇ ಏಳು ಛಾಯೆಗಳನ್ನು ಅಲ್ಲಿಯವರು ಗುರುತಿಸುತ್ತಾರೆ.

1768ರಲ್ಲಿ ಹುಟ್ಟಿದ, ಥಾಮಸ್ ಕ್ರಿಸ್ಪ್ ಎಂಬಾತನ ಒಂದು ಗಂಡುಕುದುರೆಯೇ ಇಂದಿನ ಸಫಕ್ ಕುದುರೆಗಳೆಲ್ಲದರ ಮೂಲಪುರುಷ. ಇದು ತಂದೆಯ ಕಡೆಯ ವಂಶದ ಮಾತು. ತಾಯಿಯ ಕಡೆಯಿಂದ ಬಂದ ರಕ್ತ ಬೇರೆಬೇರೆ ಎಂಬುದನ್ನು ಮರೆಯಲಾಗದು. 1877ರಲ್ಲಿ ತಳಿಯ ರಕ್ಷಣೆಗೆ ಸಂಘವೊಂದು ಹುಟ್ಟಿತು. 1880ರಲ್ಲಿ ಹರ್ಮನ್ ಬಿಡೆಲ್ ಸಂಪಾದಿಸಿದ ವಂಶಾವಳಿಯ ಮೊದಲ ಸಂಪುಟ ಹೊರಬಂತು.

ಆದರೆ ಒಂದು ನೆಲಕ್ಕೂ ಒಂದು ಕೆಲಸಕ್ಕೂ ಇಷ್ಟು ಚೆನ್ನಾಗಿ ಒಗ್ಗಿದ್ದೇ ಈ ತಳಿಗೆ ಮುಳುವಾಯಿತು. ಶೈರ್ ಕುದುರೆಗೆ ಪಟ್ಟಣದ ಸಾಮಾನುಗಾಡಿಗಳಿದ್ದವು. ಸಫಕ್ಕಿಗೆ ಹೊಲವಲ್ಲದೆ ಬೇರೆ ಆಸರೆ ಕಡಮೆ. ಎರಡನೆಯ ಮಹಾಯುದ್ಧದ ತರುವಾಯ ಆ ಸೀಮೆಯ ವಿಸ್ತಾರವಾದ ಬಯಲು ಹೊಲಗಳಿಗೆ ಟ್ರ್ಯಾಕ್ಟರು ವೇಗವಾಗಿ ನುಗ್ಗಿತು. ಕೆಲಸವಿಲ್ಲದ ಕುದುರೆಗಳು ಕಟುಕರ ಪಾಲಾದವು. 1966ರಲ್ಲಿ ದಾಖಲೆಗೆ ಬಂದ ಮರಿಗಳು ಒಂಬತ್ತೇ ಒಂಬತ್ತು. ಸೈನ್ಯದ ಸರಂಜಾಮು ಎಳೆಯಲೆಂದು ಬೆಳೆಸಿದ ಮೈಸೂರಿನ ಅಮೃತಮಹಲ್ ದನಗಳೂ ಆ ಕೆಲಸ ತಪ್ಪಿದ ಮೇಲೆ ವಿರಳವಾದುದನ್ನು ಇಲ್ಲಿ ನೆನೆಯಬಹುದು.

ತಳಿ ಉಳಿದುದಕ್ಕೆ ಹಟ ಬಿಡದ ಕೆಲವು ರೈತರೊಡನೆ ಒಂದು ಬಂದೀಖಾನೆಯೂ ಕಾರಣವೆಂಬುದು ಸ್ವಾರಸ್ಯದ ಸಂಗತಿ. ಸಫಕ್ಕಿನ ಹೋಸ್ಲಿ ಬೇ ಎಂಬಲ್ಲಿ ಸೆರೆಯಲ್ಲಿದ್ದ ತರುಣರು ಈ ಕುದುರೆಗಳನ್ನು ಸಾಕಿ ಉಳುಮೆಗೆ ಹೂಡುತ್ತಿದ್ದರು. ಆ ಅಶ್ವಶಾಲೆ 2006ರಲ್ಲಿ, ತಳಿಯ ಉಳಿವಿಗೆಂದೇ ಏರ್ಪಟ್ಟ ಧರ್ಮದರ್ಶಿ ಸಂಸ್ಥೆಯೊಂದರ ಕೈಸೇರಿತು. ಬ್ರಿಟನ್ನಿನಲ್ಲಿ ಇಂದಿಗೂ ಇದು ಅಳಿವಿನ ಅಂಚಿನಲ್ಲಿರುವ ತಳಿಯೇ. ಯಂತ್ರ ನುಗ್ಗಿದರೆ ನೆಲ ಕೆಡುವಂಥ ಕಾಡುಗಳಲ್ಲಿ ಕಡಿದ ಮರದ ದಿಮ್ಮಿಗಳನ್ನು ಎಳೆದು ತರಲು ಅಲ್ಲಲ್ಲಿ ಅದನ್ನು ಹೂಡುವುದುಂಟು.