ಫ್ಲೆಕ್ಸ್ ಬೋರ್ಡನ್ನೂ ಓದಲು ಕಲಿಸುವ ಕಲಾವಿದ

ತುಮಕೂರು: ನಗರದ ಬಸ್ ನಿಲ್ದಾಣದಿಂದ ಗುಬ್ಬಿಯ ಕಡೆಗಾಗಲಿ, ಕುಣಿಗಲ್ ಕಡೆಗಾಗಲಿ ಹೊರಟ ಪ್ರಯಾಣಿಕನಿಗೆ ಊರು ದಾಟುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳು ಎದುರಾಗುತ್ತವೆ. ಸಿಮೆಂಟ್ ಕಂಪನಿಯ ಗೋಡೆಬರಹ, ಸಿನಿಮಾ ಪೋಸ್ಟರ್, ಚಿನ್ನದಂಗಡಿಯ ಜಾಹೀರಾತು, ಜಾತ್ರೆಗೆ ಶುಭ ಕೋರುವ ಫ್ಲೆಕ್ಸ್, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ತೂಗುವ ದೇವರ ಕ್ಯಾಲೆಂಡರ್. ಇವನ್ನು ಯಾರೂ ಚಿತ್ರಕಲೆ ಎಂದು ಕರೆಯುವುದಿಲ್ಲ. ನೋಡಿದೆವೆಂಬುದು ಕೂಡ ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ನಮ್ಮ ಬಯಕೆ, ಭಕ್ತಿ, ಭಯಗಳನ್ನು ರೂಪಿಸುವುದರಲ್ಲಿ ಇವುಗಳ ಪಾಲು ಸಣ್ಣದಲ್ಲ.

ಹೀಗೆ ಕಣ್ಣಿಗೆ ಬಿದ್ದೂ ಕಾಣದೇ ಹೋಗುವ ಬಿಂಬಗಳನ್ನೇ ತಮ್ಮ ಕಲೆಯ ಕಚ್ಚಾಸಾಮಗ್ರಿ ಮಾಡಿಕೊಂಡವರು ಬೆಂಗಳೂರಿನ ಕಲಾವಿದ ರವಿಕುಮಾರ್ ಕಾಶಿ. ವರ್ಣಚಿತ್ರ, ಮುದ್ರಣಕಲೆ, ಛಾಯಾಚಿತ್ರ, ಕೈಕಾಗದ, ಬರವಣಿಗೆ ಹೀಗೆ ಹಲವು ಮಾಧ್ಯಮಗಳಲ್ಲಿ ದುಡಿದಿರುವ ಅವರ ಕೃತಿಗಳನ್ನು ಅರ್ಥಮಾಡಿಕೊಳ್ಳುವುದೆಂದರೆ ನಮ್ಮದೇ ಊರಿನ ಬೀದಿಯನ್ನು ಓದಲು ಕಲಿಯುವುದು.

ಬರೋಡಾದ ಪಾಠ

1968ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಾಶಿ, ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ವರ್ಣಚಿತ್ರ ಕಲಿತು 1988ರಲ್ಲಿ ಪದವಿ ಪಡೆದರು. 1990ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಮುದ್ರಣಕಲೆಯಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಎಂ.ಎ. ಕೂಡ ಪೂರೈಸಿದರು. ಚಿತ್ರ ಮತ್ತು ಅಕ್ಷರ ಎರಡರ ಮೇಲೂ ಅವರಿಗಿರುವ ಒಲವಿಗೆ ಈ ಹಿನ್ನೆಲೆಯೂ ಕಾರಣವಿರಬಹುದು.

ಮುದ್ರಣಕಲೆ ಎಂದೊಡನೆ ಅನೇಕರಿಗೆ ಪ್ರಿಂಟಿಂಗ್ ಪ್ರೆಸ್ ನೆನಪಾಗುತ್ತದೆ. ಅದು ತಪ್ಪೇನೂ ಅಲ್ಲ. ಮರದ ಹಲಗೆಯನ್ನು ಕೆತ್ತಿ, ತಾಮ್ರ ಅಥವಾ ಸತುವಿನ ತಗಡನ್ನು ಆಮ್ಲದಿಂದ ಕೊರೆದು, ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಇಲ್ಲವೇ ಬಿಗಿದ ಬಟ್ಟೆಯ ಪರದೆಯ ಮೂಲಕ ಶಾಯಿ ಇಳಿಸಿ ಕಲಾವಿದ ಅಚ್ಚು ತೆಗೆಯುತ್ತಾನೆ. ಮದುವೆಯ ಕರೆಯೋಲೆ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರು ಬಳಸುವುದೂ ಇದೇ ಕೊನೆಯ ವಿಧಾನವನ್ನು. ವ್ಯತ್ಯಾಸವಿರುವುದು ಸಂಖ್ಯೆಯಲ್ಲಿ ಮತ್ತು ಉದ್ದೇಶದಲ್ಲಿ. ಕಲಾವಿದ ತೆಗೆಯುವ ಪ್ರತಿಗಳಿಗೆ ಮಿತಿಯಿರುತ್ತದೆ. ಪ್ರತಿಯ ಅಂಚಿನಲ್ಲಿ 3/20 ಎಂದು ಬರೆದಿದ್ದರೆ, ಅದು 20 ಪ್ರತಿಗಳ ಪೈಕಿ 3ನೆಯದು ಎಂದರ್ಥ.

ಒಂದು ಬಿಂಬವನ್ನು ಅದರ ಜಾಗದಿಂದ ಬಿಡಿಸಿ ಮತ್ತೊಂದರ ಪಕ್ಕದಲ್ಲಿಟ್ಟು ಹೊಸ ಅರ್ಥ ಹೊಮ್ಮಿಸಲು ಈ ಮಾಧ್ಯಮ ಬಹಳ ಅನುಕೂಲಕರ. ಪತ್ರಿಕೆಯ ಚಿತ್ರ, ಜಾಹೀರಾತು, ಬಿಡಿ ಅಕ್ಷರಗಳನ್ನು ಒಟ್ಟುಗೂಡಿಸುವ ಕಾಶಿಯವರ ವರ್ಣಚಿತ್ರಗಳ ಹಿಂದೆಯೂ ಮುದ್ರಣಕಲಾವಿದನ ಈ ನೋಟವನ್ನು ಗುರುತಿಸಬಹುದು.

ಸೂಪಿನ ಡಬ್ಬಿಯೂ, ವಾಚ್ ರಿಪೇರಿ ಅಂಗಡಿಯೂ

ದಿನಬಳಕೆಯ ವಸ್ತುಗಳನ್ನು ಗ್ಯಾಲರಿಗೆ ತಂದ ಕೀರ್ತಿಯನ್ನು ಸಾಮಾನ್ಯವಾಗಿ ಅಮೆರಿಕದ ಪಾಪ್ ಕಲೆಗೆ ಸಲ್ಲಿಸಲಾಗುತ್ತದೆ. 1962ರಲ್ಲಿ ಆ್ಯಂಡಿ ವಾರ್ಹಾಲ್ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳನ್ನು 32 ಕ್ಯಾನ್ವಾಸ್‌ಗಳಲ್ಲಿ ಚಿತ್ರಿಸಿ ಪ್ರದರ್ಶಿಸಿದ್ದು ಜಗತ್ಪ್ರಸಿದ್ಧ. ಭಾರತದಲ್ಲಿ ಈ ದಾರಿಗೆ ಬೇರೆಯದೇ ತಿರುವು ಕೊಟ್ಟವರು ಬರೋಡಾದ ಭೂಪೇನ್ ಖಖ್ಖರ್. ಲೆಕ್ಕಪತ್ರ ಕೆಲಸದಿಂದ ಜೀವನ ಸಾಗಿಸುತ್ತಿದ್ದ ಅವರು, ಅಂಗಡಿ ಬೋರ್ಡು ಮತ್ತು ಕ್ಯಾಲೆಂಡರ್ ಚಿತ್ರಗಳ ಶೈಲಿಯನ್ನೇ ಅಳವಡಿಸಿಕೊಂಡು 1970ರ ದಶಕದ ಆರಂಭದಲ್ಲಿ ಕ್ಷೌರಿಕರು, ವಾಚ್ ರಿಪೇರಿಯವರು ಮುಂತಾದ ಸಾಮಾನ್ಯರ ಲೋಕವನ್ನು ಚಿತ್ರಿಸಿದರು.

ನಮ್ಮ ಜನಪ್ರಿಯ ಸಂಸ್ಕೃತಿ ಸೂಪರ್ ಮಾರ್ಕೆಟ್ಟಿನ ಕಪಾಟಿಗೆ ಸೀಮಿತವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದರಲ್ಲಿ ದೇವರಿದ್ದಾರೆ, ಸಿನಿಮಾ ನಟರಿದ್ದಾರೆ, ರಾಜಕಾರಣಿಗಳಿದ್ದಾರೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಆರಂಭಿಸಿದ ಮೇಲೆ ಅರಮನೆಯ ಚಿತ್ರಗಳ ಅಗ್ಗದ ಪ್ರತಿಗಳು ಸಾಮಾನ್ಯರ ದೇವರ ಕೋಣೆ ಸೇರಿದವು. ಲಕ್ಷ್ಮಿ ಎಂದರೆ ಹೀಗೆಯೇ, ಸರಸ್ವತಿ ಎಂದರೆ ಹೀಗೆಯೇ ಎಂದು ನಾವು ಕಲ್ಪಿಸಿಕೊಳ್ಳುವುದರಲ್ಲಿ ಆ ಅಚ್ಚುಗಳ ಪಾತ್ರ ದೊಡ್ಡದು. ಕಲಬುರಗಿಯ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳ ಮೂಲಕ ಇದೇ ಪರಂಪರೆಯನ್ನು 20ನೇ ಶತಮಾನದಲ್ಲಿ ಮುಂದುವರಿಸಿದರು.

ಗುಬ್ಬಿಯ ಪರದೆ

ತುಮಕೂರು ಜಿಲ್ಲೆಗೂ ಈ ಕಥೆಯಲ್ಲಿ ಪಾಲಿದೆ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ರಾಜ್ಯದ ಮನೆಮಾತಾಯಿತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದ ಆ ಕಂಪನಿಯ ವೈಭವವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕಂಪನಿ ನಾಟಕಗಳ ಜೀವಾಳ ಅವುಗಳ ಪರದೆ. ಅರಮನೆ, ಬೀದಿ, ಕಾಡು, ಉದ್ಯಾನಗಳನ್ನು ಬಟ್ಟೆಯ ಮೇಲೆ ಆಳ ಕಾಣುವಂತೆ ಬರೆದ ಪರದೆ ಕಲಾವಿದರ ಕೆಲಸವನ್ನು ಲಕ್ಷಾಂತರ ಮಂದಿ ನೋಡಿದರು. ಆದರೆ ಅವರಲ್ಲಿ ಬಹುತೇಕರ ಹೆಸರು ಜನರ ನೆನಪಿನಲ್ಲಿ ಉಳಿಯಲಿಲ್ಲ. ಇಂದು ತುಮಕೂರಿನ ಅಮಾನಿಕೆರೆಯ ಬಳಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಪರದೆ ಬರೆದವರಿಗೆ ಅಂತಹ ಗುರುತು ಸಿಗಲಿಲ್ಲ.

ಪರದೆಯ ನಂತರ ಬಂದ ಸಿನಿಮಾ ಕಟೌಟ್, ಬಟ್ಟೆ ಬ್ಯಾನರ್, ಅಂಗಡಿ ಬೋರ್ಡುಗಳನ್ನು ಬರೆದವರದೂ ಇದೇ ಪಾಡು. ಸುಣ್ಣದ ಪುಡಿ ಹಚ್ಚಿದ ದಾರ ಹಿಡಿದು ಗೆರೆ ಹೊಡೆದು, ಅಕ್ಷರದ ಮೈಗೆ ನೆರಳು ಕೊಟ್ಟು, ಮೂಲೆಯಲ್ಲಿ ಪುಟ್ಟದಾಗಿ ‘ಆರ್ಟ್ಸ್’ ಎಂದು ತಮ್ಮ ಹೆಸರು ಸೇರಿಸುತ್ತಿದ್ದ ಪೇಂಟರುಗಳು ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಇದ್ದರು. ಕನ್ನಡ ಲಿಪಿಯ ದುಂಡನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತಿದ್ದುತ್ತಿದ್ದರು. ಕಂಪ್ಯೂಟರ್ ಮುದ್ರಿತ ಫ್ಲೆಕ್ಸ್ ಬಂದ ಮೇಲೆ ಈ ಕಸುಬು ಕೆಲವೇ ವರ್ಷಗಳಲ್ಲಿ ಕುಸಿಯಿತು. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಯಂತ್ರ ಕೆಲವು ನಿಮಿಷಗಳಲ್ಲಿ ಮುಗಿಸತೊಡಗಿತು. 2009ರ ಸುಮಾರಿಗೆ ಬೆಂಗಳೂರಿನ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಾಗ, ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು ಮತ್ತೆ ಕುಂಚ ಹಿಡಿದರು. ಆದರೆ ಅದು ತಾತ್ಕಾಲಿಕ ಆಸರೆಯಷ್ಟೇ.

ಫ್ಲೆಕ್ಸ್ ಹೇಳುವುದೇನು?

ಬದಲಾದುದು ತಂತ್ರಜ್ಞಾನ ಮಾತ್ರವಲ್ಲ, ಚಿತ್ರದಲ್ಲಿ ಯಾರಿರಬೇಕು ಎಂಬುದೂ ಬದಲಾಯಿತು. ಬೋರ್ಡು ಬರೆಸುವುದು ದುಬಾರಿಯಾಗಿದ್ದಾಗ ಅದರಲ್ಲಿ ನಾಯಕನೊಬ್ಬನೇ ಇರುತ್ತಿದ್ದ. ಫ್ಲೆಕ್ಸ್ ಅಗ್ಗವಾದ ಮೇಲೆ ಬೀದಿಯ ಪುಢಾರಿಯೂ, ಹುಟ್ಟುಹಬ್ಬದ ಮಗುವೂ ರಸ್ತೆಯ ಮೇಲೆ ಮೂಡಿದರು. ಈ ವಿದ್ಯಮಾನವನ್ನು ಕ್ಯಾಮೆರಾದಲ್ಲಿ ದಾಖಲಿಸಿದ ಕಾಶಿ, ಬೆಂಗಳೂರಿನ ಫ್ಲೆಕ್ಸ್‌ಗಳನ್ನು ಕುರಿತು 2019ರಲ್ಲಿ ‘ಫ್ಲೆಕ್ಸಿಂಗ್ ಮಸಲ್ಸ್’ ಎಂಬ ಚಿತ್ರ-ಬರಹಗಳ ಪುಸ್ತಕ ಪ್ರಕಟಿಸಿದರು. ಫ್ಲೆಕ್ಸ್ ಎಂಬ ಪದದಲ್ಲಿರುವ ತೋಳುಬಲದ ಧ್ವನಿಯನ್ನು ಆ ಶೀರ್ಷಿಕೆ ಹಿಡಿದಿದೆ.

ನಮ್ಮ ಊರಿನ ಯಾವುದೇ ವೃತ್ತದಲ್ಲಿ ನಿಂತು ಒಂದು ಫ್ಲೆಕ್ಸನ್ನು ಗಮನಿಸಿದರೆ ಸಂಗತಿ ತಿಳಿಯುತ್ತದೆ. ಯಾರ ಮುಖ ದೊಡ್ಡದು, ಯಾರದು ಚಿಕ್ಕದು. ಯಾರು ಮೇಲಿನ ಸಾಲಿನಲ್ಲಿದ್ದಾರೆ, ಯಾರು ಅಂಚೆಚೀಟಿಯ ಗಾತ್ರದಲ್ಲಿ ಕೆಳಗಿದ್ದಾರೆ. ಯಾರು ಕೈಮುಗಿದಿದ್ದಾರೆ, ಯಾರು ಮೊಬೈಲ್ ಕಿವಿಗಿಟ್ಟಿದ್ದಾರೆ. ಊರಿನ ಅಧಿಕಾರದ ಏಣಿ ಅಲ್ಲಿ ಬಣ್ಣದಲ್ಲಿ ಬರೆದಿರುತ್ತದೆ. ಮಹಿಳೆಯರ ಮುಖಗಳೆಷ್ಟು ಎಂದು ಎಣಿಸಿದರೆ ಇನ್ನೊಂದು ಸತ್ಯವೂ ಹೊಳೆಯಬಹುದು.

ಫ್ಲೆಕ್ಸ್ ಕೇವಲ ಅಂದದ ಪ್ರಶ್ನೆಯಲ್ಲ. ಪಾಲಿಯೆಸ್ಟರ್ ಜಾಲರಿಗೆ ಪಿವಿಸಿ ಲೇಪಿಸಿ ತಯಾರಿಸುವ ಈ ಹಾಳೆ ಮಣ್ಣಿನಲ್ಲಿ ಕರಗುವುದಿಲ್ಲ. ಸುಟ್ಟರೆ ವಿಷಾನಿಲ ಬಿಡುತ್ತದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅಕ್ರಮ ಫ್ಲೆಕ್ಸ್‌ಗಳನ್ನು ತೆರವುಗೊಳಿಸುವಂತೆ ಹೈಕೋರ್ಟ್ ಆಗಿನ ಮಹಾನಗರ ಪಾಲಿಕೆಗೆ ತಾಕೀತು ಮಾಡಿತು. ಆದರೂ ಹಬ್ಬ, ಚುನಾವಣೆ, ಜನ್ಮದಿನಗಳಂದು ಅವು ಮತ್ತೆ ತಲೆ ಎತ್ತುತ್ತವೆ. ಕಾಯ್ದೆ ಕಂಬದಿಂದ ಚಿತ್ರವನ್ನು ಇಳಿಸಬಲ್ಲುದು. ಕಾಣಿಸಿಕೊಳ್ಳುವ ಹಂಬಲವನ್ನು ಇಳಿಸಲಾರದು. ಆ ಹಂಬಲ ಎಲ್ಲಿಂದ ಬಂತೆಂದು ಕೇಳುವ ಕೆಲಸ ಕಲಾವಿದನದು.

ಮರಳಿ ಕಾಗದಕ್ಕೆ

ಯಂತ್ರ ಮುದ್ರಿತ ಬಿಂಬಗಳನ್ನು ಇಷ್ಟು ಹತ್ತಿರದಿಂದ ನೋಡಿದ ಕಾಶಿ, ಇನ್ನೊಂದು ಕೈಯಲ್ಲಿ ಅತ್ಯಂತ ನಿಧಾನದ ಮಾಧ್ಯಮವನ್ನೂ ಹಿಡಿದಿರುವುದು ವಿಶೇಷ. 2001ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ಕಲಾಶಾಲೆಯಲ್ಲಿ ಕೈಕಾಗದ ತಯಾರಿಕೆ ಅಭ್ಯಾಸ ಮಾಡಿದ ಅವರು, 2009ರಲ್ಲಿ ದಕ್ಷಿಣ ಕೊರಿಯಾಕ್ಕೆ ತೆರಳಿ, ಹಿಪ್ಪುನೇರಳೆಯ ಜಾತಿಗೆ ಹತ್ತಿರದ ಮರದ ತೊಗಟೆಯಿಂದ ಮಾಡುವ ‘ಹಾಂಜಿ’ ಕಾಗದದ ಸಾಂಪ್ರದಾಯಿಕ ವಿಧಾನ ಕಲಿತರು. ಅವರ ಕೃತಿಗಳಲ್ಲಿ ಕಾಗದ ಚಿತ್ರ ಹೊರುವ ಹಾಳೆಯಾಗಿ ಉಳಿಯದೆ ತಾನೇ ಚಿತ್ರವಾಗಿದೆ, ಪುಸ್ತಕವಾಗಿದೆ, ಅಕ್ಷರಗಳ ಬಲೆಯಾಗಿದೆ. ಕನ್ನಡದಲ್ಲಿ ಕಲೆಯ ಬಗ್ಗೆ ಬರೆಯುವ ಅವರ ‘ಕಣ್ನೆಲೆ’ ಕೃತಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನವೂ ಸಂದಿದೆ.

ಚಿತ್ರಕಲೆ ತಮಗೆ ಅರ್ಥವಾಗುವುದಿಲ್ಲ ಎನ್ನುವವರು ನಮ್ಮಲ್ಲಿ ಹೆಚ್ಚು. ಆದರೆ ಅವರೇ ಒಂದು ಪೋಸ್ಟರ್ ನೋಡಿ ಸಿನಿಮಾ ಹೇಗಿದೆಯೆಂದೂ, ಒಂದು ಫ್ಲೆಕ್ಸ್ ನೋಡಿ ಯಾರ ಬಣ ಮೇಲುಗೈ ಪಡೆದಿದೆಯೆಂದೂ ಥಟ್ಟನೆ ಹೇಳಬಲ್ಲರು. ಚಿತ್ರವನ್ನು ಓದುವ ವಿದ್ಯೆ ಅವರಲ್ಲಿ ಆಗಲೇ ಇದೆ. ಆ ವಿದ್ಯೆಯನ್ನು ಇನ್ನೊಂದಿಷ್ಟು ಪ್ರಶ್ನೆಗಳೊಂದಿಗೆ ಬಳಸಿ ಎಂಬುದಷ್ಟೇ ಇಂತಹ ಕಲಾವಿದರ ಬೇಡಿಕೆ. ಗುಬ್ಬಿಯ ಪೇಟೆಯಲ್ಲಿಯೋ, ಕುಣಿಗಲ್‌ನ ಹೆದ್ದಾರಿ ಬದಿಯಲ್ಲಿಯೋ ಬಣ್ಣ ಮಾಸಿದ ಕೈಬರಹದ ಬೋರ್ಡೊಂದು ಕಂಡರೆ ಅರೆಗಳಿಗೆ ನಿಲ್ಲಿ. ಮೂಲೆಯಲ್ಲಿ ಬರೆದವರ ಹೆಸರಿದ್ದರೆ ಓದಿಕೊಳ್ಳಿ.