ಉದ್ಯಾನದ ಶುಲ್ಕ, ಉದ್ಯಾನಕ್ಕೇ ಸಲ್ಲಲಿ

ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಪಡೆದು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಹಾಗೂ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಗಳನ್ನು ಪತ್ನಿಯೊಡನೆ ನೋಡಿಬರಲು ನಾನು ಯೋಜನೆ ಹಾಕುತ್ತಿದ್ದೇನೆ. ಇಲ್ಲಿ ದಿನಾಂಕವನ್ನು ನಿರ್ಧರಿಸುವುದು ಹವಾಮಾನ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿಳಿಯುವ ಡೆತ್ ವ್ಯಾಲಿಯಲ್ಲಿ 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಕಡುಬೇಸಿಗೆಯಲ್ಲಿ ಅಲ್ಲಿಗೆ ವಾಹನ ಒಯ್ಯಲು ಕೆಲವು ಬಾಡಿಗೆ ಸಂಸ್ಥೆಗಳು ಒಪ್ಪುವುದಿಲ್ಲ. ಯೊಸೆಮಿಟಿಗೆ ಪೂರ್ವದಿಂದ ಪ್ರವೇಶ ನೀಡುವ, 3,031 ಮೀಟರ್ ಎತ್ತರದ ಟಯೋಗಾ ಘಟ್ಟದ ರಸ್ತೆಯೋ ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆಯವರೆಗೆ ಹಿಮದಿಂದ ಮುಚ್ಚಿರುತ್ತದೆ. ಆದ್ದರಿಂದ ಅಕ್ಟೋಬರ್ ತಿಂಗಳನ್ನೇ ಆರಿಸಿಕೊಂಡೆವು.

ಹೆಚ್ಚು ಚರ್ಚಾರ್ಹವಾದುದು ಶುಲ್ಕ. 2026ರ ಜನವರಿಯಿಂದ ವಾರ್ಷಿಕ ಪಾಸಿಗೆ ಅಮೆರಿಕದ ನಿವಾಸಿಗಳು 80 ಡಾಲರ್, ವಿದೇಶಿಯರು 250 ಡಾಲರ್ ತೆರಬೇಕು. ಪಾಸಿಲ್ಲದ ವಿದೇಶಿಯರಿಗೆ ಯೊಸೆಮಿಟಿ ಸೇರಿದಂತೆ 11 ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ. ಮಿತ್ರರು ಇದನ್ನು ತಾರತಮ್ಯವೆನ್ನುತ್ತಾರೆ. ಆದರೆ ಹಂಪಿಯಲ್ಲಿ ಭಾರತೀಯರಿಗೆ 40, ವಿದೇಶಿಯರಿಗೆ 600 ರೂಪಾಯಿ ನಿಗದಿಪಡಿಸಿರುವ ನಮಗೆ ಆಕ್ಷೇಪಿಸುವ ನೈತಿಕ ಹಕ್ಕೆಲ್ಲಿದೆ? ತೆರಿಗೆ ತೆತ್ತು ತಾಣವನ್ನು ಪೋಷಿಸುವವನಿಗೆ ರಿಯಾಯಿತಿ ನೀಡುವುದು ಅರ್ಥಶಾಸ್ತ್ರಕ್ಕೂ ಸಮ್ಮತವೇ.

ಕೇಳಬೇಕಾದ ಪ್ರಶ್ನೆ ಬೇರೆ: ಆ ಹಣ ಎಲ್ಲಿಗೆ ಹೋಗುತ್ತದೆ? ಅಮೆರಿಕದ 2004ರ ಕಾಯ್ದೆಯನ್ವಯ ಪ್ರವೇಶ ಶುಲ್ಕದ ಬಹುಪಾಲು ಸಂಗ್ರಹಿಸಿದ ಉದ್ಯಾನದಲ್ಲೇ ಉಳಿಯುತ್ತದೆ. ನಮ್ಮ ಸ್ಮಾರಕಗಳ ಟಿಕೆಟ್ ಹಣ ಭಾರತದ ಸಂಚಿತ ನಿಧಿಯಲ್ಲಿ ಲೀನವಾಗುತ್ತದೆ. ಅನುಕರಿಸುವುದಾದರೆ ದರವನ್ನಲ್ಲ, ಈ ನಿಯಮವನ್ನು ಅನುಕರಿಸೋಣ.